ಹೂಳೆತ್ತೋಕೆ ಸೂಪರ್‌ಮ್ಯಾನ್ ಯಾಕೆ ಬರಲ್ಲ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಆ ವಾರವೆಲ್ಲ ಟಿವಿಯಲ್ಲಿ ಅದೇ ಸುದ್ದಿ. ಗಂಗಾವತಿಯಿಂದ ಬಂದಿದ್ದ ಅಕ್ಕನ ಮಗ ನೋಡಿ ನೋಡಿ ಬೇಜಾರಾಗಿ ಕೇಳಿದ: "ಮಾಮಾ, ಸೂಪರ್‌ಮ್ಯಾನ್ ಬಂದಿದ್ರ ಒಂದು ನಿಮಿಷದಾಗ ಮುಗೀತಿತ್ತಲ್ಲ?"

ಮುಗೀತಿತ್ತು. ಆದರೆ ಅವನು ಇಂಥ ಕೆಲಸಕ್ಕೆ ಬರೋದು ಅಪರೂಪ. ಬೆಟ್ಟ ಎತ್ತುವ ತೋಳಿದೆ, ಅದರಿಂದ ಮಾಡೋದು ಮಾತ್ರ ಕಳ್ಳರನ್ನು ಹಿಡಿಯೋ ಕೆಲಸ. ಒಂದು ಥರ ಹಾರಾಡುವ ಪೊಲೀಸ್ ಪೇದೆ.

ತಮಾಷೆ ಅಂದರೆ, ಶುರುವಿನಲ್ಲಿ ಅವನು ಹೀಗಿರಲಿಲ್ಲ. ಸೂಪರ್‌ಮ್ಯಾನ್ ಕಾಮಿಕ್ಸ್‌ಗೆ ಬಂದಿದ್ದು 1938ರಲ್ಲಿ, ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಒದ್ದಾಡುತ್ತಿದ್ದ ಕಾಲ. ಅದೇ ವರ್ಷದ ಒಂದು ಕತೆಯಲ್ಲಿ ಅವನು ಕೂಲಿಯ ವೇಷ ಹಾಕಿ ಗಣಿಯೊಳಗೆ ಇಳಿಯುತ್ತಾನೆ. ಮಾಲೀಕ ಪಾರ್ಟಿ ಮಾಡುತ್ತಿರುತ್ತಾನೆ. ಅವನನ್ನೂ ಅತಿಥಿಗಳನ್ನೂ ಗಣಿಯೊಳಗೇ ಸಿಕ್ಕಿಸಿ, ಅಲ್ಲಿನ ಸುರಕ್ಷತಾ ಸಾಮಾನು ಯಾವುದೂ ಕೆಲಸ ಮಾಡಲ್ಲ ಅಂತ ತೋರಿಸಿಕೊಡುತ್ತಾನೆ. ಹಟ್ಟಿಯಲ್ಲೋ ಸಂಡೂರಲ್ಲೋ ಗಣಿ ಕೆಲಸ ಮಾಡಿದವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. 1939ರ ಇನ್ನೊಂದು ಕತೆಯಲ್ಲಿ ಕೊಳೆಗೇರಿಯನ್ನೇ ಕೆಡವಿ ಹಾಕುತ್ತಾನೆ, ಸರ್ಕಾರ ಹೊಸ ಮನೆ ಕಟ್ಟಿಕೊಡಲೇಬೇಕಾಗುತ್ತದೆ.

ಆಮೇಲೆ ಯುದ್ಧ ಬಂತು, ವಿಲನ್‌ಗಳು ದೊಡ್ಡವರಾದರು. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಒಂದು ನೀತಿಸಂಹಿತೆ ಹಾಕಿಕೊಂಡರು. ಪೊಲೀಸರು, ಜಡ್ಜ್‌ಗಳು, ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಬರೆಯಬಾರದು ಅನ್ನೋದು ಅದರ ಒಂದು ನಿಯಮ. ಸರ್ಕಾರದ ಕೈ ತಿರುಚಿ ಮನೆ ಕಟ್ಟಿಸುವ ಹೀರೋಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ತಂತ್ರಜ್ಞಾನದ ಕತೆ ಬೇರೆ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಟಿವಿ ಸರಣಿಯಲ್ಲಿ ಒಂದು ಯಂತ್ರದಿಂದ ಮನುಷ್ಯರು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಎದ್ದು ನಿಲ್ಲುತ್ತಾರೆ. ಈ ಯಂತ್ರ ಹುಟ್ಟಿದ್ದು ದುಡ್ಡಿನ ತಾಪತ್ರಯದಿಂದ. ಪ್ರತಿ ಕಂತಿನಲ್ಲೂ ಅವರ ಅಷ್ಟು ದೊಡ್ಡ ಬಾಹ್ಯಾಕಾಶ ಹಡಗನ್ನು ನೆಲಕ್ಕಿಳಿಸಿ ತೋರಿಸಲು ಬಜೆಟ್ ಇರಲಿಲ್ಲ. ಖರ್ಚು ಉಳಿಸಲು ಬಂದ ಯಂತ್ರದಿಂದ ಇನ್ನೇನು ಮಾಡಬಹುದು ಅಂತ ಕೂತು ಯೋಚಿಸುವ ಪುರುಸೊತ್ತು ಯಾರಿಗಿತ್ತು? ಯೋಚಿಸಿದ ಒಬ್ಬರು ಅಮೆರಿಕದ ವೈಜ್ಞಾನಿಕ ಕತೆಗಾರ ಲ್ಯಾರಿ ನಿವೆನ್. 1973ರ ಅವರ ಕತೆಯಲ್ಲಿ ಊರೂರಿಗೂ ಅಂಥ ಬೂತ್‌ಗಳಿವೆ. ಎಲ್ಲೋ ಗಲಾಟೆ ಅಂತ ಟಿವಿಯಲ್ಲಿ ಬಂದದ್ದೇ ತಡ, ಜನ ಬಂದು ಸೇರುತ್ತಾರೆ, ಜೇಬುಗಳ್ಳರೂ ಬರುತ್ತಾರೆ. ಆನೆಗೊಂದಿ ಹತ್ತಿರದ ಅಂಜನಾದ್ರಿಯ ತುದಿಗೆ ಅಂಥದ್ದೊಂದು ಬೂತ್ ಇಟ್ಟರೆ ಹನುಮ ಜಯಂತಿ ದಿನ ಏನಾಗಬಹುದು, ಯೋಚಿಸಿ. ಈಗ 575 ಮೆಟ್ಟಿಲು ಹತ್ತಬೇಕಲ್ಲ, ಆ ಮೆಟ್ಟಿಲುಗಳೇ ಅರ್ಧ ಜನರನ್ನು ತಡೆಯುತ್ತವೆ.

ಅಂಜನಾದ್ರಿ ಅಂದಾಗ ನೆನಪಾಯ್ತು. ನಮ್ಮ ಪುರಾಣದವರು ಈ ವಿಷಯದಲ್ಲಿ ಜಾಣರು. ಹನುಮಂತ ಬೆಟ್ಟ ಹೊತ್ತದ್ದು ಔಷಧಿಗೆ. ಬಲರಾಮ ನೇಗಿಲಿನಿಂದ ಯಮುನೆಯನ್ನೇ ಎಳೆದ, ನದಿಯ ಪಾತ್ರ ತಿರುಗಿಸಿದ ಹಾಗೇ ಅಲ್ವಾ ಅದು? ಅಕ್ಷಯ ಪಾತ್ರೆಗೆ ಒಂದು ಮಿತಿಯನ್ನೂ ಇಟ್ಟರು: ದ್ರೌಪದಿ ಉಂಡ ಮೇಲೆ ಅವತ್ತಿಗೆ ಖಾಲಿ. ದೂರ್ವಾಸರು ಬಂದಾಗಿನ ಕತೆ ನಿಂತಿರೋದೇ ಆ ಮಿತಿಯ ಮೇಲೆ. ಮಿತಿ ಇಲ್ಲದಿದ್ದರೆ ಸುಮ್ನೆ ಊಟ ಬಡಿಸಿ ಕಳಿಸುತ್ತಿದ್ದಳು.

ಬರಹಗಾರರಿಗೆ ಇರೋ ಕಷ್ಟವೂ ಇದೇ. ಸೂಪರ್‌ಮ್ಯಾನ್ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬಂದು ಟರ್ಬೈನ್ ತಿರುಗಿಸುತ್ತಾ ಕೂತ ಅಂದುಕೊಳ್ಳಿ. 1,720 ಮೆಗಾವ್ಯಾಟ್, ಕಲ್ಲಿದ್ದಲು ಬೇಡ, ಬೂದಿ ಇಲ್ಲ. ಆದರೆ ಮುಂದಿನ ವಾರದ ಸಂಚಿಕೆಯಲ್ಲಿ ಏನು ಬರೆಯೋದು? ಓದುಗನ ಮನೆಯಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ, ಕತೆಯ ಊರಲ್ಲಿ ಹೋಗಲ್ಲ. ಆ ಊರು ಅವನಿಗೆ ತನ್ನದು ಅನಿಸಲ್ಲ. ಅದಕ್ಕೇ ಸಂಚಿಕೆ ಮುಗಿಯೋ ಹೊತ್ತಿಗೆ ಊರು ಮೊದಲಿನ ಹಾಗೇ ಇರುತ್ತೆ.

ನನಗೇನೋ ಕತೆ ಅಲ್ಲಿಗೆ ಮುಗಿಯಲ್ಲ, ಅಲ್ಲಿಂದಲೇ ಶುರುವಾಗುತ್ತದೆ ಅನಿಸುತ್ತದೆ. ಗೇಟಿನ ಜಾಗಕ್ಕೆ ಒಂದು ವಾರದಲ್ಲೇ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಲ್ಲೇ ತಾತ್ಕಾಲಿಕ ಗೇಟಿನಂಥ ಉಕ್ಕಿನ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್ ಇಳಿಸಿತು. ಸೂಪರ್‌ಮ್ಯಾನ್ ಬೇಕಾಗಲಿಲ್ಲ. ಹೂಳಿಗೆ ಬೇಕಾಗಬಹುದು ಅಂತ ಅಳಿಯನ ಜೊತೆ ಲೆಕ್ಕಕ್ಕೆ ಕೂತೆ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹಿಡಿಯೋದು ಸುಮಾರು 105.8. ಅಂದರೆ 27 ಟಿಎಂಸಿಯಷ್ಟು ಜಾಗ ಹೂಳು ನುಂಗಿದೆ, ಸುಮಾರು 77 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ 7.7 ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು ಹೊಡೆದರೂ 200 ವರ್ಷ ದಾಟುತ್ತದೆ. ಇದಕ್ಕೇ ಹೂಳೆತ್ತುವ ಆಸೆ ಬಿಟ್ಟು, ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯದ ಮಾತು ಬಂದಿದ್ದು.

"ಅವ ಒಂದು ದಿನದಾಗ ಎತ್ತತಾನ" ಅಂದ ಹುಡುಗ.

"ಎತ್ತಲಿ. ಎಲ್ಲಿ ಹಾಕಬೇಕು?"

ಒಂದು ಮೀಟರ್ ದಪ್ಪ ಹರಡಿದರೂ 1.9 ಲಕ್ಷ ಎಕರೆ ಬೇಕು. ಹುಡುಗ ಪೆನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಮ್ಮ ಕಡೆ ಮಾತ್ರ ಬ್ಯಾಡ ಮಾಮಾ. ಅಪ್ಪಂದು ನಾಟಿ ಆಗೈತಿ."