ಪುಡಿಯಲ್ಲಿ ಮುಳ್ಳು ಕಾಣುವುದಿಲ್ಲ

ಕೀನ್ಯಾದಿಂದ ರಜೆಗೆ ಬಂದವರು ಬೇರಿನ ಪುಡಿಯ ಪೊಟ್ಟಣ ಬಿಚ್ಚಿಟ್ಟು, "ಇದು ನಮ್ಮ ಕವಳಿಯೇ ಅಲ್ಲವೇ ಸರ್? ಅಪ್ಪನ ಮಂಡಿನೋವಿಗೆ ಕೊಡಬಹುದಲ್ಲ?" ಎಂದು ಕೇಳುತ್ತಾರೆ. ಗಿಡ ಗುರುತಿಸಿಕೊಡುವುದು ನನ್ನ ವೃತ್ತಿ. ಆದರೆ ಪುಡಿಯನ್ನು ಬರಿಗಣ್ಣಿನಿಂದ ನೋಡಿ ಗಿಡದ ಹೆಸರು ಹೇಳಲು ನನ್ನಿಂದಾಗದು. ಹೇಳುತ್ತೇನೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಕೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ನಮ್ಮ ಕುರುಚಲು ಕಾಡಿನ ಸಣ್ಣ ಕವಳಿ, ಅಂದರೆ ಕ್ಯಾರಿಸ್ಸಾ ಸ್ಪೈನೇರಮ್, ಪೂರ್ವ ಆಫ್ರಿಕದಲ್ಲೂ ಬೆಳೆಯುತ್ತದೆ. ಅಲ್ಲಿನ ದನಗಾಹಿ ಜನರಾದ ಮಾಸಾಯಿಗಳು ಇದರ ಬೇರನ್ನು ಮಾಂಸದ ಸಾರಿನಲ್ಲಿ ಕುದಿಸುತ್ತಾರೆ. ಕೀಲುನೋವು, ಎದೆಯ ತೊಂದರೆ, ಜ್ವರಗಳಿಗೆ ಕಷಾಯ ಮಾಡುವ ರೂಢಿ ಆ ಸೀಮೆಯಲ್ಲಿ ಹಳೆಯದು. ಬೇರಿನ ಸಾರ ಹರ್ಪಿಸ್ ವೈರಾಣುವನ್ನು ತಡೆಯುತ್ತದೆ, ಇಲಿಗಳಲ್ಲಿ ಮೂತ್ರ ಹೆಚ್ಚಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅಷ್ಟರಿಂದ ಮನುಷ್ಯನಿಗೆ ಎಷ್ಟು ಗ್ರಾಂ ಎಂಬುದು ತಿಳಿಯುವುದಿಲ್ಲ.

ತೊಡಕು ಇರುವುದು ಅಲ್ಲಿನ ಗುಡ್ಡಗಳಲ್ಲೇ ಬೆಳೆಯುವ, ಅದೇ ಕುಟುಂಬದ ಇನ್ನೊಂದು ಪೊದೆಯಲ್ಲಿ: ಅಕೋಕಾಂಥೆರಾ. ಎದುರುಬದುರಾದ ದಪ್ಪ ಎಲೆ, ಗುಲಾಬಿ ಛಾಯೆಯ ಘಮಘಮಿಸುವ ಬಿಳಿ ಹೂವು, ಹಾಲಿನಂಥ ಸೊನೆ, ಕಪ್ಪಾಗಿ ಮಾಗುವ ಹಣ್ಣು, ಎಲ್ಲವೂ ಕವಳಿಯದ್ದೇ. ಮುಳ್ಳು ಮಾತ್ರ ಇಲ್ಲ. ಇದರ ತೊಗಟೆ ಮತ್ತು ಕಟ್ಟಿಗೆಯನ್ನು ಕಪ್ಪು ಡಾಂಬರಿನಂತಾಗುವವರೆಗೆ ಕುದಿಸಿ ಕಂಬಾ ಮತ್ತು ಗಿರಿಯಾಮಾ ಬುಡಕಟ್ಟುಗಳ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದರು, ಆನೆಯೂ ಉರುಳುತ್ತಿತ್ತು. 1888ರಲ್ಲಿ ಈ ಗಿಡದಿಂದ ಬೇರ್ಪಡಿಸಿದ ಊಬೇನ್ ಎಂಬ ವಿಷ, ಹೃದಯದ ಜೀವಕೋಶಗಳಿಂದ ಸೋಡಿಯಂ ಹೊರಹಾಕುವ ಪಂಪನ್ನೇ ತಡೆಯುತ್ತದೆ. ಅಲ್ಲಿನ ಜುಟ್ಟಿನ ಇಲಿಯೊಂದು ಈ ತೊಗಟೆಯನ್ನು ಅಗಿದು ಮೈಕೂದಲಿಗೆ ಹಚ್ಚಿಕೊಳ್ಳುತ್ತದೆ. ಅದನ್ನು ಕಚ್ಚಿದ ನಾಯಿಗಳು ಸತ್ತದ್ದುಂಟು.

"ಚಿಕ್ಕಂದಿನಿಂದ ಕವಳಿಹಣ್ಣು ತಿಂದವರು ನಾವು" ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ನೀವು ತಿಂದದ್ದು ಹಣ್ಣು, ತಂದದ್ದು ಬೇರು. ಹಣ್ಣಿನಲ್ಲಿ ಇಲ್ಲದ್ದು ಬೇರಿನಲ್ಲಿ ಇರಬಹುದು. ಅಸಲಿ ಕವಳಿಯ ಬೇರಿನಲ್ಲೂ ಊಬೇನ್ ಬಗೆಯ, ಹೃದಯದ ಮೇಲೆ ಕೆಲಸ ಮಾಡುವ ಗ್ಲೈಕೋಸೈಡುಗಳು ಸಿಕ್ಕ ವರದಿಗಳಿವೆ. ಹಾಗಾಗಿ ಗಿಡ ಸರಿಯಾಗಿದ್ದರೂ ಬೇರು ನಿರಪಾಯವೆಂದು ನಾನು ಹೇಳಲಾರೆ.

ಒಮ್ಮೆ ಬಂದ ಹಿರಿಯರೊಬ್ಬರ ಡಬ್ಬಿಯಲ್ಲಿ ಊಬೇನ್‌ನಂತೆಯೇ ಹೃದಯದ ಆ ಪಂಪನ್ನು ತಡೆಯುವ ಡಿಗಾಕ್ಸಿನ್ ಮಾತ್ರೆಯ ಪಟ್ಟಿಯೂ ಮಗ ಕಳುಹಿಸಿದ ಪುಡಿಯೂ ಒಟ್ಟಿಗಿದ್ದವು. ಪುಣ್ಯಕ್ಕೆ ಇನ್ನೂ ಕುಡಿಯಲು ಶುರುಮಾಡಿರಲಿಲ್ಲ. ಗಿಡದ ಫೋಟೊ ಬೇಕೆಂದು ಮಗನಿಗೆ ಫೋನ್ ಮಾಡಿಸಿದರೆ ಮೊಬೈಲಿಗೆ ಬಂದದ್ದು ಅಂಗಡಿಯ ಚೀಲದ ಫೋಟೊ. ಅಪ್ಪನ ಮೇಲಿನ ಪ್ರೀತಿಯಲ್ಲಿ ಆ ಹುಡುಗನಿಗೆ ಏನೂ ಕೊರತೆಯಿರಲಿಲ್ಲ. ಆದರೆ ಗಿಡವನ್ನು ಅವನು ಕಂಡೇ ಇರಲಿಲ್ಲ. ಮಾಸಾಯಿ ದನಗಾಹಿ ಬೇರು ಅಗೆಯುವಾಗ ಅವನ ಕೈಗೆ ಮುಳ್ಳು ತರಚಿರುತ್ತದೆ. ಪೇಟೆಯಲ್ಲಿ ಪುಡಿ ಕೊಂಡವನಿಗೆ ಆ ಗುರುತು ಎಲ್ಲಿಂದ ಸಿಗಬೇಕು?

ನನ್ನಿಂದ ಉತ್ತರ ಬೇಕಿದ್ದರೆ ಅಗೆಯುವ ಮೊದಲೇ ಎಲೆ, ಹೂವು, ಗೆಣ್ಣು ಕಾಣುವಂತೆ ಬಲಿತ ಕೊಂಬೆಯ ಫೋಟೊ ತೆಗೆಸಿ. ಎಳೆ ಚಿಗುರಿನಲ್ಲಿ ಮುಳ್ಳು ಕಾಣದೆಯೂ ಇರಬಹುದು. ಹೃದಯಕ್ಕೆ ಮಾತ್ರೆ ನುಂಗುತ್ತಿರುವವರಾದರೆ, ನಾನು ಕವಳಿಯೆಂದು ಖಚಿತವಾಗಿ ಹೇಳಿದ ಮೇಲೂ ನಿಮ್ಮ ವೈದ್ಯರನ್ನು ಕೇಳದೆ ಆ ಕಷಾಯ ಕುಡಿಯಬೇಡಿ.