ಮಾತು ಬಾರದವರಿಗೆ ನಮ್ಮ ಮಾತು ತಿಳಿಯುತ್ತದಾ?

ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ‘ಸ್ಟ್ರೋಕ್ ಆದಮೇಲೆ ಅಪ್ಪನಿಗೆ ಮಾತು ಹೊರಡುತ್ತಿಲ್ಲ. ನಾವು ಹೇಳುವುದು ಅವರಿಗೆ ಅರ್ಥವಾಗುತ್ತಾ?’

ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಅರ್ಥವಾಗುತ್ತಿರಬಹುದು. ಈ ತೊಂದರೆಯ ಹೆಸರು ಅಫೇಸಿಯಾ. ಕೆಲವರಿಗೆ ಕೇಳಿದ ಮಾತನ್ನು ಹಿಡಿಯುವುದೂ ಕಷ್ಟ, ನಿಜ. ಆದರೆ ಹಲವರಿಗೆ ಸಿಗದಿರುವುದು ಪದ ಮಾತ್ರ. ಹೇಳಬೇಕಾದದ್ದು ಒಳಗೆ ಹಾಗೇ ಇರುತ್ತದೆ.

‘ಮಾತು ಹೋಯಿತು, ಬುದ್ಧಿಯೂ ಹೋಯಿತು’ ಅನ್ನುವ ನಂಬಿಕೆಯನ್ನು ಎಷ್ಟು ಸಲ ತಿದ್ದಿದರೂ ಮತ್ತೆ ಬಂದು ಕೂರುತ್ತದೆ. ಹಾಗಾಗಿ ಹಳೆಯ ಕಥೆಯನ್ನೇ ಇನ್ನೊಮ್ಮೆ ಹೇಳುತ್ತೇನೆ. 1861ರಲ್ಲಿ ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ‘ಟಾನ್’ ಒಂದೇ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ವೈದ್ಯ ಪಾಲ್ ಬ್ರೋಕಾ ಕೇಳಿದರು. ಅವನು ಐದೂ ಬೆರಳನ್ನು ನಾಲ್ಕು ಸಲ ಬಿಡಿಸಿ, ಆಮೇಲೆ ಒಂದು ಬೆರಳು ತೋರಿಸಿದ. 21 ವರ್ಷ. ಲೆಕ್ಕ ಸರಿಯಾಗಿತ್ತು! ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲ ಕೇಳಿದಾಗ ಅವನಿಗೆ ಸಿಟ್ಟು ಬಂತು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಗೊತ್ತಾಗಿಬಿಟ್ಟಿತ್ತು. ಬುದ್ಧಿ ಹೋದವರಿಗೆ ಇದು ಹೊಳೆಯುತ್ತದಾ?

ಅದಕ್ಕೇ, ಅಪ್ಪನನ್ನು ಕೂರಿಸಿಕೊಂಡು ‘ಇದೇನು ಹೇಳಿ, ಇವಳ ಹೆಸರೇನು ಹೇಳಿ’ ಎಂದು ದಿನವೂ ಕೇಳಬೇಡಿ. ಟಿವಿ ಆರಿಸಿ, ಎದುರಿಗೆ ಕೂತುಕೊಳ್ಳಿ. ಒಂದು ಸಲಕ್ಕೆ ಒಂದೇ ವಿಷಯ ಮಾತಾಡಿ. ಕಿರುಚಬೇಡಿ, ಕೆಟ್ಟಿರುವುದು ಕಿವಿಯಲ್ಲ. ಪೆನ್ನು, ಕಾಗದ ಹತ್ತಿರವಿರಲಿ. ಆಮೇಲೆ ಕಾಯಿರಿ. ಸುಮ್ನೆ ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಪದ ನಾವೇ ತುಂಬಿಬಿಡೋಣ ಅನ್ನಿಸುತ್ತದೆ. ಅವರಾಗಿ ಕೇಳದೆ ತುಂಬಬೇಡಿ. ಅರ್ಥವಾಗದಿದ್ದರೆ ಆಯಿತು ಎಂದು ತಲೆಯಾಡಿಸದೆ ‘ಗೊತ್ತಾಗಲಿಲ್ಲ ಅಪ್ಪ, ಇನ್ನೊಮ್ಮೆ’ ಅನ್ನಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಅವರು ‘ಹೂಂ’ ಅಂದರೆ ಹೌದು ಅಂತಲೇನಾ? ಯಾವಾಗಲೂ ಅಲ್ಲ. ಅಫೇಸಿಯಾದಲ್ಲಿ ‘ಹೌದು’, ‘ಇಲ್ಲ’ ಅದಲುಬದಲಾಗುತ್ತವೆ. ಮನಸ್ಸಿನಲ್ಲಿ ಬೇಡ ಎಂದಿರುತ್ತದೆ, ಬಾಯಿ ಹೌದು ಅನ್ನುತ್ತದೆ. ಮುಖ ನೋಡಿ. ಹೆಬ್ಬೆರಳು ಎತ್ತಿ ತೋರಿಸಲು ಹೇಳಿ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಹಾಗಾದರೆ ಬೇಡವಾ?’ ಊಟ, ಬಟ್ಟೆಯ ವಿಷಯದಲ್ಲಿ ತಪ್ಪಾದರೆ ಸರಿಮಾಡಿಕೊಳ್ಳಬಹುದು. ಆಸ್ತಿ ಪತ್ರಕ್ಕೆ, ಆಪರೇಷನ್ನಿಗೆ ಸಹಿ ಹಾಕಿಸುವ ಮೊದಲು ಮಾತ್ರ ಎರಡು ದಿನ ಬಿಟ್ಟಾದರೂ ಮತ್ತೆ ಕೇಳಿ. ಡಾಕ್ಟರು ನಿಮ್ಮ ಕಡೆ ತಿರುಗಿ ‘ಇವರು ಏನಂತಾರೆ?’ ಎಂದರೆ, ಅಪ್ಪನನ್ನೇ ಕೇಳಿ ಎಂದು ಹೇಳಿ.