ಪದ ಪರಿಚಯ: ಜ್ವಾಲಾಮುಖಿ ದ್ವೀಪ

ಸಮುದ್ರತಳದ ಭೂಪದರವನ್ನು ಸೀಳಿಕೊಂಡು ಮೇಲೇರಿದ ಶಿಲಾಪಾಕವು, ಅಂದರೆ ಕರಗಿದ ಕಲ್ಲು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟುತ್ತ ಬಂದು, ಕಡೆಗೊಮ್ಮೆ ನೀರಿನ ಮಟ್ಟವನ್ನು ದಾಟಿ ಹೊರಗೆ ಕಾಣಿಸಿಕೊಂಡಾಗ ಆ ನೆಲವನ್ನು ಜ್ವಾಲಾಮುಖಿ ದ್ವೀಪ ಎಂದು ಕರೆಯುತ್ತಾರೆ. ನಮಗೆ ಕಾಣುವುದು ಅದರ ತುದಿ ಮಾತ್ರ. ಅದರ ಮೈಯ ಬಹುಭಾಗ ಸಾವಿರಾರು ಮೀಟರ್ ಆಳದವರೆಗೆ ನೀರಿನೊಳಗೇ ಇರುತ್ತದೆ. ಇಂಥ ದ್ವೀಪ ಹುಟ್ಟಿದ ಹಾಗೆಯೇ ಉಳಿಯುವುದಿಲ್ಲ. ಅದು ಬೆಳೆಯುತ್ತದೆ, ಬೆಂಕಿ ಆರಿದ ಮೇಲೆ ಮಳೆಗೂ ಅಲೆಗೂ ಸಿಕ್ಕಿ ಸವೆಯುತ್ತದೆ, ಅದು ಕುಳಿತಿರುವ ಸಾಗರತಳ ತಣ್ಣಗಾಗಿ ಕುಗ್ಗಿದಂತೆಲ್ಲ ನಿಧಾನವಾಗಿ ಮುಳುಗುತ್ತದೆ. ಪ್ರವಾಸಿಗರಿಗೆ ಸಿಗುವ ಕಡಲತೀರ ಕಪ್ಪೋ ಬಿಳುಪೋ, ನೀರು ಶಾಂತವೋ ಅಬ್ಬರದ್ದೋ, ಮಕ್ಕಳನ್ನು ಇಳಿಸಬಹುದೋ ಬಾರದೋ ಎಂಬುದೆಲ್ಲ ಆ ದ್ವೀಪ ತನ್ನ ಆಯುಷ್ಯದ ಯಾವ ಘಟ್ಟದಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಕಲಬುರಗಿ, ಬೀದರ್ ಕಡೆಯಿಂದ ಮದುವೆಯಾದ ಹೊಸತರಲ್ಲೋ ಮಕ್ಕಳ ರಜೆಯಲ್ಲೋ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರ ಮುಂದೆ ಪ್ರವಾಸದ ಏಜೆಂಟರು ಮಾಲ್ಡೀವ್ಸ್, ಮಾರಿಷಸ್, ಬಾಲಿ ಎಂಬ ಹೆಸರುಗಳನ್ನು ಒಂದೇ ಸಾಲಿನಲ್ಲಿ ಇಡುತ್ತಾರೆ. ಚಿತ್ರಗಳಲ್ಲಿ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ: ನೀಲಿ ನೀರು, ತೆಂಗಿನ ಮರ, ಬಿಳಿ ಮರಳು. ನಿಜದಲ್ಲಿ ಈ ಮೂರರ ಹುಟ್ಟು, ವಯಸ್ಸು, ಸ್ವಭಾವ ಬೇರೆ ಬೇರೆ. ಈ ವ್ಯತ್ಯಾಸವನ್ನು ಅರಿಯುವುದಕ್ಕೆ ನಮ್ಮ ಭಾಗದವರಿಗೆ ಇರುವಷ್ಟು ಅನುಕೂಲ ಕರಾವಳಿಯವರಿಗೂ ಇಲ್ಲ ಎಂಬುದು ನನ್ನ ನಂಬಿಕೆ. ಏಕೆಂದರೆ ಹಿಂದೂ ಮಹಾಸಾಗರದ ಹಲವು ದ್ವೀಪಗಳ ಕಥೆಯ ಮೊದಲ ಅಧ್ಯಾಯ ನಮ್ಮ ಹೊಲಗಳಲ್ಲೇ ಇದೆ.

ಆಳಂದ, ಅಫಜಲಪುರ, ಕಮಲಾಪುರದ ಕಡೆ ತೊಗರಿಯನ್ನೂ ಜೋಳವನ್ನೂ ಬೆಳೆಯುವ ಎರೆಭೂಮಿಯು ಬಸಾಲ್ಟ್ ಎಂಬ ಕಪ್ಪು ಶಿಲೆ ಸವೆದು ಆದ ಮಣ್ಣು. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವ, ಮಳೆ ಬಿದ್ದ ಕೂಡಲೇ ಉಬ್ಬಿ ಕಾಲಿಗೆ ಅಂಟುವ ಅದರ ಗುಣಕ್ಕೆ ಬಸಾಲ್ಟಿನ ಖನಿಜಗಳಿಂದ ಉಂಟಾದ ಜೇಡಿಮಣ್ಣೇ ಕಾರಣ. ಅದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಂಗಾರಿನ ಬಿಳಿಜೋಳ ನೆಲದ ಹಸಿಯ ಮೇಲೆಯೇ ತೆನೆಗಟ್ಟುತ್ತದೆ. ಆ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿ ಹರಿದ ಲಾವಾ. ದಖನ್ ಟ್ರ್ಯಾಪ್ ಎಂದು ಹೆಸರಾದ ಈ ಲಾವಾ ಹಾಸು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿಕೊಂಡಿದೆ. ಪಶ್ಚಿಮಘಟ್ಟದ ಮಹಾಬಳೇಶ್ವರದ ಕಡೆ ಅದರ ದಪ್ಪ ಸಾವಿರ ಮೀಟರಿಗೂ ಮಿಗಿಲು. ನಮ್ಮಲ್ಲಿಗೆ ಬರುವಾಗ ಅದು ತೆಳುವಾಗಿ ಅಂಚನ್ನು ಮುಟ್ಟುತ್ತದೆ. ಶಹಾಬಾದ್, ಸೇಡಂ ಕಡೆ ಫರ್ಸಿ ಕಲ್ಲಿನ ಗಣಿಗಳು ಕಾಣಿಸಿಕೊಂಡರೆ ಲಾವಾದ ಹಾಸನ್ನು ದಾಟಿ ಅದಕ್ಕಿಂತ ಬಹಳ ಹಳೆಯ ಸುಣ್ಣಕಲ್ಲಿನ ಮೇಲೆ ಕಾಲಿಟ್ಟೆವು ಎಂದೂ, ಯಾದಗಿರಿಯ ದುಂಡು ಬಂಡೆಗಳ ಗುಡ್ಡಗಳು ಬಂದರೆ ಇನ್ನೂ ಪ್ರಾಚೀನವಾದ ಗ್ರಾನೈಟ್ ನೆಲಕ್ಕೆ ಬಂದೆವು ಎಂದೂ ತಿಳಿಯಬೇಕು. ಇಷ್ಟು ಲಾವಾ ಹರಿದ ನೆಲದಲ್ಲಿ ಒಂದಾದರೂ ಜ್ವಾಲಾಮುಖಿ ಪರ್ವತ ಕಾಣದಿರುವುದು ಹಲವರಿಗೆ ಸೋಜಿಗವೆನಿಸುತ್ತದೆ. ಆ ಲಾವಾ ಶಿಖರದ ಬಾಯಿಂದ ಚಿಮ್ಮಲಿಲ್ಲ; ನೆಲದಲ್ಲಿ ಉದ್ದಕ್ಕೆ ಬಿಟ್ಟ ಬಿರುಕುಗಳಿಂದ ಮೇಲೆ ಬಂದು ತೆಳುವಾದ ಹೊಳೆಯಂತೆ ದೂರದೂರಕ್ಕೆ ಹರಿಯಿತು.

ಬೀದರಿನಲ್ಲಿ ಇದೇ ಬಸಾಲ್ಟ್ ಇನ್ನೊಂದು ರೂಪದಲ್ಲಿದೆ. ಬಿಸಿಲು ಮತ್ತು ಮಳೆ ಬಹುಕಾಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಹೆಚ್ಚಾಗಿ ಉಳಿದ ಮೇಲ್ಪದರ ಅಲ್ಲಿ ಕೆಂಪು ಜಂಬಿಟ್ಟಿಗೆಯಾಗಿದೆ. ಕೋಟೆಯ ಗೋಡೆಗಳಿಗೂ ಅದೇ ಕಲ್ಲು, ಸುರಂಗಮಾರ್ಗದಲ್ಲಿ ನೀರು ತರುವ ಕರೇಜ್ ಕೊರೆದದ್ದೂ ಅದರಲ್ಲೇ. ಮೇಲಿನ ಜಂಬಿಟ್ಟಿಗೆಯಲ್ಲಿ ಇಂಗಿದ ನೀರು ಕೆಳಗಿನ ಗಟ್ಟಿ ಬಸಾಲ್ಟನ್ನು ಮುಟ್ಟಿ ನಿಲ್ಲುವ ಗುಣವನ್ನು ಬಹಮನಿ ಕಾಲದವರು ಅರಿತು ಬಳಸಿಕೊಂಡರು. ಮಾರಿಷಸ್‌ನಲ್ಲಿ ಏಳು ಬಣ್ಣದ ಮಣ್ಣೆಂದು ಪ್ರವಾಸಿಗರಿಗೆ ತೋರಿಸುವ ಶಾಮರೆಲ್ ದಿಬ್ಬಗಳೂ ಬಸಾಲ್ಟ್ ಹೀಗೆಯೇ ಕಳಿತು ಆದವು.

ಈ ನೆಲಕ್ಕೂ ಆ ದ್ವೀಪಗಳಿಗೂ ಇರುವ ನಂಟು ಹೋಲಿಕೆಯಲ್ಲಿ ಮುಗಿಯುವುದಿಲ್ಲ. ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ವಿವರಣೆಯಂತೆ, ಭೂಮಿಯ ಒಳಪದರದ ಆಳದಿಂದ ಬಿಸಿ ಶಿಲಾದ್ರವ್ಯವು ಒಂದೇ ಸ್ಥಳದಲ್ಲಿ ಕೋಟ್ಯಂತರ ವರ್ಷ ಮೇಲೇರುತ್ತಲೇ ಇರುವ ಕೆಲವು ತಾಣಗಳಿದ್ದು, ಅವುಗಳನ್ನು ಹಾಟ್‌ಸ್ಪಾಟ್ ಎನ್ನುತ್ತಾರೆ. ತಾಣ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ, ಅದರ ಮೇಲಿನ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಸರಿಯುತ್ತ ಹೋಗುತ್ತದೆ. ಒಂದೇ ಕೆಂಡದ ಮೇಲೆ ರೊಟ್ಟಿಯನ್ನು ಸರಿಸುತ್ತ ಹೋದರೆ ಸುಟ್ಟ ಕಲೆಗಳು ಸಾಲಾಗಿ ಮೂಡುವಂತೆ, ಫಲಕದ ಮೇಲೆ ಜ್ವಾಲಾಮುಖಿಗಳ ಒಂದು ಸಾಲು ಮೂಡುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಭಾರತ ಇಂದಿನ ಜಾಗದಲ್ಲಿರಲಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಈಗ ರಿಯೂನಿಯನ್ ದ್ವೀಪ ಇರುವ ಅಕ್ಷಾಂಶದ ಆಸುಪಾಸಿನಲ್ಲಿತ್ತು. ಅಲ್ಲಿನ ಹಾಟ್‌ಸ್ಪಾಟ್ ದಖನ್ನಿನ ಲಾವಾವನ್ನು ಉಕ್ಕಿಸಿತು. ಭಾರತ ಉತ್ತರಕ್ಕೆ ಸಾಗಿದಂತೆ ಅದೇ ಬೆಂಕಿ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ನಿಂತಿರುವ ಸಮುದ್ರದೊಳಗಿನ ಏಣನ್ನು ಕಟ್ಟಿತು. ಬಳಿಕ ಆಫ್ರಿಕಾದ ಫಲಕದ ಕೆಳಗೆ ಬಂದು ಮಾರಿಷಸ್ ಮತ್ತು ರಿಯೂನಿಯನ್ನುಗಳನ್ನು ಎತ್ತಿತು. 1987ರಲ್ಲಿ ಸಂಶೋಧನಾ ಹಡಗೊಂದು ಈ ಸಾಲಿನುದ್ದಕ್ಕೂ ಸಮುದ್ರತಳವನ್ನು ಕೊರೆದು ಬಸಾಲ್ಟ್ ತೆಗೆದಾಗ, ದಕ್ಷಿಣಕ್ಕೆ ಹೋದಂತೆಲ್ಲ ಶಿಲೆಯ ವಯಸ್ಸು ಕಡಿಮೆಯಾಗುತ್ತ ಬಂದದ್ದು ಕಂಡುಬಂತು. ಮಾಲ್ಡೀವ್ಸ್ ಬಳಿಯದು ಸುಮಾರು 5.7 ಕೋಟಿ ವರ್ಷದ್ದು, ಚಾಗೋಸ್ ಬಳಿಯದು ಸುಮಾರು 4.9 ಕೋಟಿ ವರ್ಷದ್ದು.

ಈ ಸಾಲಿನ ಕಿರಿಯ ದ್ವೀಪ ರಿಯೂನಿಯನ್. ಅದು ಫ್ರಾನ್ಸಿನ ಆಡಳಿತಕ್ಕೆ ಸೇರಿದೆ. ಅಲ್ಲಿನ ಪಿಟೋನ್ ದ ಲಾ ಫೂರ್ನೇಸ್ ಎಂಬ 2,632 ಮೀಟರ್ ಎತ್ತರದ ಪರ್ವತ ಜಗತ್ತಿನಲ್ಲಿ ಅತಿ ಹೆಚ್ಚು ಸಲ ಉಕ್ಕುವ ಜ್ವಾಲಾಮುಖಿಗಳಲ್ಲೊಂದು. 1977ರಲ್ಲಿ ಅದರ ಲಾವಾ ಒಂದು ಊರಿನ ಚರ್ಚಿನ ಬಾಗಿಲವರೆಗೆ ಬಂದು ಗೋಡೆಯ ಎರಡೂ ಬದಿಗೆ ಹರಿದು ನಿಂತಿತು. 2007ರ ಏಪ್ರಿಲಿನಲ್ಲಿ ಕರಾವಳಿಯ ರಸ್ತೆಯನ್ನು ಮುಚ್ಚಿ ಕಡಲಿಗಿಳಿದು ಹೊಸ ನೆಲವನ್ನೇ ಸೇರಿಸಿತು, ಶಿಖರದ ಕುಳಿಯ ತಳ ಸುಮಾರು 300 ಮೀಟರಿನಷ್ಟು ಕುಸಿಯಿತು. ಎಳೆಯ ದ್ವೀಪದ ತೀರ ಹೇಗಿರುತ್ತದೆ ಎಂಬುದನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಾವಿರ ಡಿಗ್ರಿಗೂ ಮಿಕ್ಕಿದ ಲಾವಾ ತಣ್ಣನೆಯ ಕಡಲನ್ನು ಮುಟ್ಟಿದ ಕ್ಷಣದಲ್ಲಿ ಗಾಜಿನಂತೆ ಒಡೆದು ಚೂರಾಗುತ್ತದೆ. ಆ ಚೂರುಗಳನ್ನೂ ಹೊಳೆಗಳು ಬೆಟ್ಟದಿಂದ ಕೊಚ್ಚಿ ತಂದ ಬಸಾಲ್ಟಿನ ಪುಡಿಯನ್ನೂ ಅಲೆಗಳು ಉಜ್ಜಿ ನಯಮಾಡಿದಾಗ ಕಪ್ಪು ಮರಳಾಗುತ್ತದೆ. ಪಶ್ಚಿಮ ತೀರದ ಲೆತಾಂಗ್ ಸಲೆಯಲ್ಲಿ ಇಂಥ ಕಪ್ಪು ಮರಳಿನ ಹಾಸಿದೆ. ಮಧ್ಯಾಹ್ನದ ಬಿಸಿಲಿಗೆ ಅದು ಬರಿಗಾಲಿಡಲಾಗದಷ್ಟು ಕಾಯುತ್ತದೆ. ನಮ್ಮ ಎರೆಹೊಲದ ಮಣ್ಣೂ ಆ ಮರಳೂ ಒಂದೇ ಬಗೆಯ ಶಿಲೆಯಿಂದ ಆದವು. ಒಂದನ್ನು ಅಲೆ ಪುಡಿ ಮಾಡಿತು, ಇನ್ನೊಂದನ್ನು ಕೋಟ್ಯಂತರ ವರ್ಷಗಳ ಬಿಸಿಲು ಮಳೆ ಕರಗಿಸಿತು.

ಎಳೆಯ ದ್ವೀಪದ ಸುತ್ತ ಕಡಲು ದಡದಿಂದ ಸ್ವಲ್ಪ ದೂರದಲ್ಲೇ ಥಟ್ಟನೆ ಆಳವಾಗುತ್ತದೆ, ಅಲೆಯನ್ನು ತಡೆಯುವ ಹವಳದ ದಿಬ್ಬ ಅಲ್ಲಲ್ಲಿ ಮಾತ್ರ ಇರುತ್ತದೆ. ಹವಳದ ಜೀವಿಗಳಿಗೆ ಬೆಚ್ಚಗಿನ, ತಿಳಿಯಾದ, ಬಿಸಿಲು ತಲುಪುವ ನೀರು ಬೇಕು; ಲಾವಾ ಇಳಿಯುವ, ಬೂದಿ ಮಣ್ಣು ಹರಿದು ಬರುವ ದಡದಲ್ಲಿ ಅವು ನೆಲೆಗೊಳ್ಳಲಾರವು. ಆದ್ದರಿಂದ ರಿಯೂನಿಯನ್ನಿಗೆ ಹೋಗುವವರು ಬೆಟ್ಟವನ್ನೂ ಕಣಿವೆಯನ್ನೂ ನೋಡಲು ಹೋಗಬೇಕೇ ಹೊರತು ಕಡಲಲ್ಲಿ ಆಡಲು ಅಲ್ಲ ಎಂದು ನಾನು ಹೇಳುತ್ತೇನೆ. ಶಾರ್ಕ್‌ ದಾಳಿಗಳಿಂದಾಗಿ 2013ರಿಂದ ಅಲ್ಲಿ ಹವಳದ ದಿಬ್ಬದ ಒಳಗಿನ ಶಾಂತ ನೀರು (ಲಗೂನ್) ಮತ್ತು ಗುರುತಿಸಿದ ಜಾಗಗಳ ಹೊರಗೆ ಸಮುದ್ರಸ್ನಾನಕ್ಕೆ ನಿಷೇಧವೂ ಬಂದಿತು. 1966ರ ಜನವರಿಯಲ್ಲಿ ಒಂದು ಚಂಡಮಾರುತದ ಹೊತ್ತಿಗೆ ಆ ದ್ವೀಪದ ಎತ್ತರದ ಪ್ರದೇಶದಲ್ಲಿ 24 ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆ ಸುರಿಯಿತು. ಕಲಬುರಗಿಗೆ ಎರಡು ವರ್ಷದಲ್ಲೂ ಸಾಮಾನ್ಯವಾಗಿ ಅಷ್ಟು ಮಳೆಯಾಗುವುದಿಲ್ಲ.

ಅಲ್ಲಿಂದ ಸುಮಾರು 200 ಕಿಲೋಮೀಟರ್ ಈಶಾನ್ಯಕ್ಕಿರುವ ಮಾರಿಷಸ್ ನಡುವಯಸ್ಸಿನದು. ಅದು ನೀರಿನ ಮೇಲೆ ಬಂದು ಸುಮಾರು 80 ಲಕ್ಷ ವರ್ಷಗಳಾದವು. ಬೆಂಕಿ ಆರಿದ ಮೇಲೆ ದ್ವೀಪದ ಸುತ್ತ ಹವಳ ಬೇಲಿ ಕಟ್ಟಿತು. ಬೇಲಿಗೂ ದಡಕ್ಕೂ ನಡುವೆ ನಿಂತ, ಆಳವಿಲ್ಲದ ಶಾಂತ ನೀರೇ ಲಗೂನ್. ಹವಳದ ಪುಡಿ ಬಿಳಿ ಮರಳಾಗಿ ದಡ ಸೇರಿತು, ಅದರ ನಡುನಡುವೆ ಕರಿಯ ಬಸಾಲ್ಟ್ ಬಂಡೆಗಳು ಹಾಗೆಯೇ ಉಳಿದವು. ಆದರೆ ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ಹವಳದ ಬೇಲಿ ತುಂಡಾಗಿದೆ. ಅಲ್ಲಿ ಅಲೆಗಳು ನೇರವಾಗಿ ಕರಿ ಬಂಡೆಗೆ ಅಪ್ಪಳಿಸುತ್ತವೆ, ಈಜುವುದು ಅಪಾಯ. ಒಂದೇ ದ್ವೀಪದಲ್ಲಿ ಬೇಲಿ ಇರುವ ದಡವನ್ನೂ ಇಲ್ಲದ ದಡವನ್ನೂ ನೋಡಿದವರಿಗೆ ಲಗೂನಿನ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಳನಾಡಿನ ಕಬ್ಬಿನ ಗದ್ದೆಗಳಲ್ಲಿ ಹೊಲ ಹದಮಾಡಲು ಆಯ್ದು ಒಟ್ಟಿದ ಕಪ್ಪು ಕಲ್ಲಿನ ಗುಡ್ಡೆಗಳಿವೆ. ಅವುಗಳ ಹಿಂದೆ 1834ರಿಂದ ಕರಾರಿನ ಮೇಲೆ ಅಲ್ಲಿಗೆ ಹೋದ ಭಾರತೀಯ ಕೂಲಿಗಳ ದುಡಿಮೆಯೂ ಇದೆ. ಶಿವರಾತ್ರಿಗೆ ಕಾವಡಿ ಹೊತ್ತು ಜನ ನಡೆದು ಹೋಗುವ ಗಂಗಾ ತಲಾವ್ ಹಳೆಯ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಕೆರೆ. ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗುವ ಕುಟುಂಬಕ್ಕೆ ಈ ಸಾಲಿನಲ್ಲಿ ಮಾರಿಷಸ್ಸೇ ಹೆಚ್ಚು ಒಪ್ಪುತ್ತದೆ ಎಂದು ನನ್ನ ತೀರ್ಮಾನ.

ಮುಪ್ಪಿನ ಘಟ್ಟದಲ್ಲಿ ಜ್ವಾಲಾಮುಖಿ ಕಣ್ಣಿಗೇ ಬೀಳುವುದಿಲ್ಲ. ಬೆಟ್ಟ ಮುಳುಗುತ್ತ ಹೋದಂತೆ ಅದರ ಸುತ್ತಲಿನ ಹವಳ ಬಿಸಿಲಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ. ಬೆಟ್ಟ ಪೂರ್ತಿ ಮುಳುಗಿದಾಗ ಉಂಗುರದಾಕಾರದ ಹವಳದ ದಿಬ್ಬವೂ ಅದರ ನಡುವಿನ ಲಗೂನೂ ಮಾತ್ರ ಉಳಿಯುತ್ತವೆ. ಇದನ್ನು ಅಟಾಲ್ ಎನ್ನುತ್ತಾರೆ. ಈ ವಿವರಣೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಮುಂದಿಟ್ಟರು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲನ್ನು ಕೊರೆದಾಗ 1,200 ಮೀಟರಿಗೂ ಹೆಚ್ಚಿನ ಹವಳದ ಸುಣ್ಣದ ಕೆಳಗೆ ಬಸಾಲ್ಟ್ ಸಿಕ್ಕಿ ಅದು ನಿಜವೆಂದು ಸಾಬೀತಾಯಿತು. ಮಾಲ್ಡೀವ್ಸ್ ಮತ್ತು ಲಕ್ಷದ್ವೀಪ ಇಂಥವು. ಮಾಲ್ಡೀವ್ಸ್‌ನ ಸಾವಿರಕ್ಕೂ ಮಿಕ್ಕಿದ ದ್ವೀಪಗಳಲ್ಲಿ ಸಹಜವಾದ ಯಾವ ನೆಲವೂ ಸಮುದ್ರಮಟ್ಟದಿಂದ ಮೂರು ಮೀಟರ್ ಎತ್ತರವಿಲ್ಲ. ಅಲ್ಲಿನ ಬಿಳಿ ಮರಳಿನ ಬಹುಭಾಗ ಜೀವಿಗಳಿಂದಲೇ ಆದದ್ದು. ಪ್ಯಾರಟ್‌ಫಿಶ್ ಎಂಬ ಮೀನು ಪಾಚಿಗಾಗಿ ಸತ್ತ ಹವಳವನ್ನು ಕಚ್ಚಿ ಅರೆದು ಮರಳಾಗಿ ಹೊರಹಾಕುತ್ತದೆ. ಹವಳ ಸತ್ತರೆ ದ್ವೀಪಕ್ಕೆ ಮರಳೂ ಇಲ್ಲ, ಅಲೆಗೆ ತಡೆಯೂ ಇಲ್ಲ. 1998 ಮತ್ತು 2016ರಲ್ಲಿ ಕಡಲು ಮಿತಿಮೀರಿ ಬಿಸಿಯಾಗಿ ಈ ಎರಡೂ ಕಡೆ ಹವಳ ವ್ಯಾಪಕವಾಗಿ ಬೆಳ್ಳಗಾಗಿ ಸತ್ತದ್ದು ಅದಕ್ಕಾಗಿಯೇ ಆತಂಕದ ಸಂಗತಿ.

ಬಾಲಿ ಈ ಸಾಲಿಗೆ ಸೇರಿದ್ದಲ್ಲ. ಅಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ನುಗ್ಗಿ, ಅದರೊಡನೆ ಹೋದ ನೀರು ಆಳದ ಶಿಲೆಯನ್ನು ಕರಗಿಸುವುದರಿಂದ ಜ್ವಾಲಾಮುಖಿಗಳು ಏಳುತ್ತವೆ. ಇಂಥವು ಲಾವಾ ಹರಿಸುವುದಕ್ಕಿಂತ ಸಿಡಿದು ಬೂದಿ ಎರಚುವುದೇ ಹೆಚ್ಚು. 1963ರಲ್ಲಿ ಅಗುಂಗ್ ಪರ್ವತ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. 2017ರ ನವೆಂಬರಿನಲ್ಲಿ ಅದರ ಬೂದಿಯಿಂದ ವಿಮಾನ ನಿಲ್ದಾಣವೇ ಮುಚ್ಚಿ ಸಾವಿರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಅಂಡಮಾನಿನ ಬ್ಯಾರನ್ ದ್ವೀಪವೂ ಇದೇ ಬಗೆಯದು, ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಅಲ್ಲಿ ಜನವಸತಿಯಿಲ್ಲ, ಪ್ರವಾಸಿಗರು ದೋಣಿಯಿಂದಲೇ ನೋಡಿ ಮರಳಬೇಕು. ನಮ್ಮದೇ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಹಲವರು ದಖನ್ನಿನ ಲಾವಾ ಎಂದೇ ತಿಳಿಯುತ್ತಾರೆ. ಅವು ಅದಕ್ಕಿಂತ ಸುಮಾರು 2 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು.

ಹೋಗುವ ಕಾಲದ ವಿಷಯದಲ್ಲಿ ಒಂದು ಮಾತು ಸಾಕು. ಮಾರಿಷಸ್, ರಿಯೂನಿಯನ್ನುಗಳಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಮೇ ತಿಂಗಳ ಬಳಿಕ ಅಲ್ಲಿ ತಂಪಾದ ಒಣ ಹವೆ. ಮಾಲ್ಡೀವ್ಸ್, ಲಕ್ಷದ್ವೀಪಗಳಲ್ಲಿ ಅದೇ ಹೊತ್ತಿಗೆ ನೈರುತ್ಯ ಮುಂಗಾರು ಎದ್ದಿರುತ್ತದೆ. ಲಕ್ಷದ್ವೀಪಕ್ಕೆ ಹೋಗುವವರು ಮೊದಲೇ ಪ್ರವೇಶಪತ್ರ ಪಡೆದಿರಬೇಕು. ಲಗೂನಿನಲ್ಲಿ ಇಳಿದವರು ಹವಳದ ಮೇಲೆ ಕಾಲೂರಬಾರದು. ಒಂದು ಹೆಜ್ಜೆಗೆ ಮುರಿಯುವ ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ನೆನಪಿಗೆಂದು ಒಂದು ತುಂಡನ್ನೂ ತರಬಾರದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಹವಳ ಸಂರಕ್ಷಿತ ಜೀವಿಗಳ ಪಟ್ಟಿಯಲ್ಲಿದೆ, ಅದನ್ನು ಕೀಳುವುದೂ ಸಾಗಿಸುವುದೂ ಶಿಕ್ಷಾರ್ಹ ಅಪರಾಧ.